ಬರಿಗೈಲಿ ಕಳಿಸಿದವಳ ಪತ್ರ

ಸಂಪಾದಕರೇ,

ಕಳೆದ ವಾರದ ಓದುಗರ ಅಂಕಣದಲ್ಲಿ ತಾಯಿಯೊಬ್ಬರ ಪತ್ರ ಇತ್ತು. ಮಗನನ್ನು ಯಾರದೋ ಹುಟ್ಟುಹಬ್ಬಕ್ಕೆ ಕರೆದುಕೊಂಡು ಹೋಗಿದ್ದರಂತೆ. ಕೇಕ್ ಆಯ್ತು, ಆಟ ಆಯ್ತು, ಹೊರಡುವಾಗ ನೋಡಿದರೆ ರಿಟರ್ನ್ ಗಿಫ್ಟ್ ಇಲ್ಲ. ಹುಡುಗ ಮನೆ ಮುಟ್ಟುವವರೆಗೂ ಅತ್ತನಂತೆ. ‘ಅಷ್ಟೆಲ್ಲ ಮಾಡಿದವರಿಗೆ ಮಕ್ಕಳ ಕೈಗೆ ಒಂದು ಪೆನ್ಸಿಲ್ ಇಡೋಕೆ ಆಗಲಿಲ್ವಾ?’ ಎಂದು ಅವರು ಕೇಳಿದ್ದರು.

ಓದುತ್ತಾ ನನ್ನ ಮುಖ ಬಿಸಿಯಾಯ್ತು. ಅವರು ಹೋಗಿದ್ದು ನಮ್ಮ ಮನೆಗಲ್ಲ, ಅದು ಖಾತ್ರಿ. ಆದರೆ ಎರಡು ತಿಂಗಳ ಹಿಂದೆ ನಮ್ಮ ಮಗಳಿಗೆ ಏಳು ತುಂಬಿದಾಗ ನಾನು ಮಾಡಿದ್ದೂ ಅದನ್ನೇ. ಹಾಗಾಗಿ ಅವರಿಗೆ ಉತ್ತರ ಕೊಡಬೇಕಾದವರ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಜಿಪುಣಿಯಲ್ಲ. ಹಿಂದಿನ ಮೂರು ವರ್ಷ ನಾನೂ ಚೀಲ ತುಂಬಿಸಿದವಳೇ. ರಾತ್ರಿ ಹನ್ನೊಂದಕ್ಕೆ ಹಾಸಿಗೆ ಮೇಲೆ ಸಾಲಾಗಿ ಚೀಲ ಇಟ್ಟುಕೊಂಡು, ಒಂದೊಂದಕ್ಕೂ ಒಂದು ಪೀಪಿ, ಒಂದು ರಬ್ಬರ್, ಒಂದು ಉಂಗುರ, ನಾಲ್ಕು ಚಾಕೊಲೇಟ್. ಯಾವುದಕ್ಕೆ ಏನು ಹಾಕಿದೆ ಅನ್ನೋದು ಮರೆತು ಮತ್ತೆ ಎಲ್ಲ ಸುರಿದು ಎಣಿಸಿದ್ದೂ ಇದೆ. ಪೀಪಿ ಹಂಚಿದ ವರ್ಷ ಎಷ್ಟು ಮನೆಯವರು ನನ್ನನ್ನು ಬೈದುಕೊಂಡರೋ ಗೊತ್ತಿಲ್ಲ. ಬೈದಿದ್ದರೆ ನ್ಯಾಯವೇ.

ಮನಸ್ಸು ಬದಲಾಗಿದ್ದು ಒಂದು ಡ್ರಾಯರ್‌ನಿಂದ. ಟಿವಿ ಕೆಳಗಿನ ಡ್ರಾಯರ್ ಅದು. ಪಾರ್ಟಿಯಿಂದ ಬಂದ ಚೀಲವನ್ನು ಮಗಳು ಅಲ್ಲಿಗೇ ಸುರಿಯುತ್ತಿದ್ದಳು. ಒಂದು ದಿನ ಅದು ತೆಗೆಯೋಕೇ ಬರಲಿಲ್ಲ, ಒಳಗೆ ಏನೋ ಅಡ್ಡ ಸಿಕ್ಕಿಕೊಂಡಿತ್ತು. ಸ್ಕೇಲ್ ತೂರಿಸಿ, ಅಲ್ಲಾಡಿಸಿ, ಕೊನೆಗೆ ಜೋರಾಗಿ ಎಳೆದೆ. ಪೂರ್ತಿ ನೆಲಕ್ಕೆ ಚೆಲ್ಲಿತು. ಸುಮ್ನೆ ಕುತೂಹಲಕ್ಕೆ ಎಣಿಸಿದೆ: 61 ವಸ್ತು. ಚಕ್ರ ಬಿದ್ದ ಕಾರುಗಳೇ ಒಂಬತ್ತು. ಎಂಟು ಶಾರ್ಪ್‌ನರ್, ಅದರಲ್ಲಿ ಪೆನ್ಸಿಲ್ ಹೆರೆಯೋಕೆ ಆಗಿದ್ದು ಎರಡರಲ್ಲಿ. ಊದದ ಬಲೂನು ಒಂದು ಹಿಡಿ. ಗ್ಲಿಟರ್ ಸೋರಿದ ಒಂದು ಟ್ಯೂಬ್ ಉಳಿದದ್ದಕ್ಕೆಲ್ಲ ಅಂಟಿಕೊಂಡು ಮಿಂಚುತ್ತಿತ್ತು. ಆ ಮಿಂಚು ನಮ್ಮ ನೆಲಹಾಸಿನಲ್ಲಿ ಇವತ್ತಿಗೂ ಇದೆ. ಗ್ಲಿಟರ್ ಎಂದರೆ ಹೆಚ್ಚಾಗಿ ಪುಡಿ ಮಾಡಿದ ಪ್ಲಾಸ್ಟಿಕ್ಕೇ ಅಲ್ವಾ. 2023ರ ಅಕ್ಟೋಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರುವುದನ್ನೇ ನಿಷೇಧಿಸಿತು. ನೆಲಹಾಸು ಜಾಡಿಸಿ ಜಾಡಿಸಿ ಸಾಕಾದಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಇವನ್ನೆಲ್ಲ ಯಾರು ಕೊಟ್ಟಿದ್ದು ಎಂದು ಮಗಳನ್ನು ಕೇಳಿದೆ. ಒಂದೇ ಒಂದರ ಹೆಸರು ಹೇಳಿದಳು. ಪಕ್ಕದ ಬೆಂಚಿನ ಗೆಳತಿ ತಾನೇ ಬಣ್ಣ ಹಚ್ಚಿ ಕೊಟ್ಟಿದ್ದ ಒಂದು ಕಲ್ಲು. ಉಳಿದ 60 ಯಾರದೆಂದು ಅವಳಿಗೂ ಗೊತ್ತಿಲ್ಲ.

ನಾನು ಎಣಿಸುತ್ತಾ ಕೂತಿದ್ದಾಗ ಚಿಕ್ಕವನು ಪಕ್ಕದಲ್ಲೇ ಇದ್ದ. ಅವನಿಗೆ ಆಗ ಒಂದೂವರೆ ವರ್ಷ. ದೀಪ ಮಿನುಗುವ ಒಂದು ಬ್ಯಾಡ್ಜ್ ಅವನ ಕೈಯಲ್ಲಿತ್ತು. ಹಿಂದಿನ ಮುಚ್ಚಳ ಬಿಚ್ಚಿಕೊಂಡಿತ್ತು, ಒಳಗಿನ ಜಾಗ ಖಾಲಿ. ಆ ಮುಚ್ಚಳಕ್ಕೆ ಸ್ಕ್ರೂ ಇರಲಿಲ್ಲ, ಉಗುರಲ್ಲಿ ಎಬ್ಬಿಸಿದರೆ ಬಂದುಬಿಡುವಂಥದ್ದು. ಬ್ಯಾಟರಿ ಮೊದಲೇ ಬಿದ್ದುಹೋಗಿತ್ತಾ, ಈಗ ಬಿತ್ತಾ, ಇವನು ಬಾಯಿಗೆ ಹಾಕಿಕೊಂಡನಾ? ಬಾಯಿ ತೆಗೆಸಿ ನೋಡಿದೆ, ಏನೂ ಇಲ್ಲ. ಅವನು ನಗುತ್ತಾ ಇದ್ದ.

ನಾಣ್ಯದಂಥ ಆ ಬ್ಯಾಟರಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. ಅದನ್ನು ನುಂಗಿದರೆ ಉಸಿರು ಕಟ್ಟುವುದೊಂದೇ ಅಪಾಯ ಎಂದುಕೊಂಡಿದ್ದೆ. ನಿಜವಾದ ಅಪಾಯ ಬೇರೆ. 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಬಿಲ್ಲೆ ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವಷ್ಟು ದೊಡ್ಡದು. ಒದ್ದೆ ಗೋಡೆಗೆ ತಾಗಿದ ಕೂಡಲೇ ವಿದ್ಯುತ್ ಹರಿಯೋಕೆ ಶುರುವಾಗುತ್ತದೆ. ಅದು ತಾಗಿದ ಕಡೆ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟಿ ಒಳಗಿನಿಂದಲೇ ಸುಡುತ್ತದೆ. ಎರಡು ಗಂಟೆಯೊಳಗೆ ಗಂಭೀರ ಗಾಯ ಆಗಬಹುದು. ಆಟಿಕೆಯಲ್ಲಿ ದೀಪ ಉರಿಯುತ್ತಿಲ್ಲ, ಬ್ಯಾಟರಿ ಸತ್ತಿದೆ ಎಂದು ಸಮಾಧಾನ ಪಡುವಂತಿಲ್ಲ, ಸುಡುವಷ್ಟು ಶಕ್ತಿ ಅದರಲ್ಲಿ ಉಳಿದೇ ಇರುತ್ತದೆ. ಮಗು ಮೊದಮೊದಲು ಚೆನ್ನಾಗಿಯೇ ಕಾಣಬಹುದು. ವಾಂತಿ ಮಾಡಿಸೋಕೆ ಹೋಗಬಾರದು, ಕಾದು ನೋಡೋಣ ಅನ್ನಬಾರದು. ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು.

ನಾವೂ ಓಡಿದೆವು. ಮಗಳ ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ನನ್ನದು. ಎಕ್ಸ್‌ರೇ ನೋಡಿ ಡಾಕ್ಟರ್ ‘ಏನೂ ಇಲ್ಲಮ್ಮ, ಹೊಟ್ಟೆ ಖಾಲಿ’ ಎಂದರು. ಬ್ಯಾಟರಿ ಮೂರು ದಿನ ಬಿಟ್ಟು ನನ್ನವರ ಶೂ ಒಳಗೆ ಸಿಕ್ಕಿತು. ಆಫೀಸಿಗೆ ಹೊರಟವರು ಕಾಲಿಗೆ ಚುಚ್ಚುತ್ತಿದೆ ಎಂದು ಶೂ ಬಿಚ್ಚಿ ಕೊಡವಿದರು. ಟಣ್ ಎಂದು ಬಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.

ಆ ಬ್ಯಾಡ್ಜ್ ಕೊಟ್ಟವರ ತಪ್ಪು ಎಂದು ನಾನು ಹೇಳುವುದಿಲ್ಲ. ಅವರು ಕೊಟ್ಟಿದ್ದು ಆರು ವರ್ಷದ ಹುಡುಗಿಗೆ. ಮನೆಯಲ್ಲಿ ಅಂಬೆಗಾಲಿಕ್ಕುವ ತಮ್ಮ ಇದ್ದಾನೆ ಎಂದು ಅವರಿಗೇನು ಗೊತ್ತು? ಇನ್ನೊಂದು ವಿಷಯ ನನಗೆ ಆಮೇಲೆ ಹೊಳೆಯಿತು. ಇಂಥ ಆಟಿಕೆಗಳನ್ನು ನಾವು ಡಜನ್ ಲೆಕ್ಕದಲ್ಲಿ ದೊಡ್ಡ ಪ್ಯಾಕೆಟ್ ತರುತ್ತೇವೆ. ‘ಮೂರು ವರ್ಷದ ಒಳಗಿನವರಿಗೆ ಬೇಡ’ ಅನ್ನುವ ಎಚ್ಚರಿಕೆ, ಅಳುಮುಖದ ಮೇಲೆ ಅಡ್ಡಗೆರೆ ಎಳೆದ ಆ ಚಿಹ್ನೆ, ಇರುವುದು ಪ್ಯಾಕೆಟ್ ಮೇಲೆ. ನಾವು ಪ್ಯಾಕೆಟ್ ಹರಿದು, ಒಂದೊಂದೇ ತೆಗೆದು ಚೀಲಕ್ಕೆ ಹಾಕುತ್ತೇವೆ. ಎಚ್ಚರಿಕೆ ನಮ್ಮ ಕಸದ ಬುಟ್ಟಿಗೆ, ವಸ್ತು ಅವರ ಮನೆಗೆ. ಮೂರು ವರ್ಷ ನಾನು ಮಾಡಿದ್ದೂ ಇದೇ. ಬಲೂನಿನ ಪ್ಯಾಕೆಟ್ ಮೇಲೂ ಹಾಗೇ ಬರೆದಿರುತ್ತದೆ: ಊದದ ಬಲೂನು, ಒಡೆದ ಬಲೂನಿನ ಚೂರು ಎಂಟು ವರ್ಷದ ಒಳಗಿನವರ ಗಂಟಲಿಗೆ ಅಂಟಿ ಉಸಿರು ಕಟ್ಟಿಸಬಹುದು ಎಂದು. ಎಂಟು! ನಾನು ಹಂಚಿದ್ದು ನಾಲ್ಕು ವರ್ಷದವರಿಗೆ.

ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ರಟ್ಟಿನ ಕೊಳವೆ ಇದೆ. ಟಾಯ್ಲೆಟ್ ಪೇಪರ್ ಸುತ್ತಿರುತ್ತದಲ್ಲ, ಅದೇ. ಆಟಿಕೆ ಪರೀಕ್ಷೆ ಮಾಡುವ ಕಡೆ ಪುಟ್ಟ ಮಗುವಿನ ಗಂಟಲಿನ ಲೆಕ್ಕಕ್ಕೆ 31.7 ಮಿಲಿಮೀಟರ್ ಅಗಲದ ಒಂದು ಸಿಲಿಂಡರ್ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಹಿಡಿಸುವ ವಸ್ತು ಮೂರು ವರ್ಷದ ಒಳಗಿನವರಿಗೆ ಕೊಡುವಂಥದ್ದಲ್ಲ. ರಟ್ಟಿನ ಕೊಳವೆ ಅದಕ್ಕಿಂತ ಸ್ವಲ್ಪ ಅಗಲ, ಇರಲಿ, ಜಾಸ್ತಿ ಎಚ್ಚರಿಕೆ ಆದರೆ ನಷ್ಟವೇನಿಲ್ಲ. ಮಗಳಿಗೆ ಅದೇ ಒಂದು ಆಟವಾಯಿತು. 61 ವಸ್ತುಗಳನ್ನೂ ಒಂದೊಂದಾಗಿ ಅದರೊಳಗೆ ಬಿಟ್ಟಳು. ತೂರಿದವು ಒಂದು ಕಡೆ, ತೂರದವು ಒಂದು ಕಡೆ. ತೂರದ ರಾಶಿಯಲ್ಲಿ ಉಳಿದಿದ್ದು ಏಳೇ ಏಳು.

ಹೀಗಿರುವಾಗ ಹುಟ್ಟುಹಬ್ಬ ಬಂತು. ‘ಈ ಸಲ ರಿಟರ್ನ್ ಗಿಫ್ಟ್ ಬೇಡ’ ಎಂದೆ. ನನ್ನವರು ‘ಎಲ್ಲರೂ ಕೊಡ್ತಾರಲ್ಲೇ’ ಎಂದರು. ಅತ್ತೆ ಮಾತ್ರ ಒಪ್ಪಲಿಲ್ಲ. ‘ಮಕ್ಕಳನ್ನ ಬರಿಗೈಲಿ ಕಳಿಸ್ತೀಯಾ? ಚೆನ್ನಾಗಿರಲ್ಲಮ್ಮ’ ಎಂದರು. ಅವರ ಮಾತಲ್ಲಿ ನ್ಯಾಯ ಇಲ್ಲ ಅಂತಲ್ಲ. ಆದರೆ ಚೀಲ ಕೊಡುವಾಗ ನಾನು ಯೋಚಿಸುತ್ತಿದ್ದಿದ್ದು ಮಕ್ಕಳ ಬಗ್ಗೆಯಾ? ಹೋದ ತಿಂಗಳು ಅವರು ಕೊಟ್ಟಿದ್ದಕ್ಕಿಂತ ನಮ್ಮದು ಕಮ್ಮಿ ಕಾಣಬಾರದು ಎಂದಲ್ವಾ? ಹಾಗೆ ನೋಡಿದರೆ ರಿಟರ್ನ್ ಗಿಫ್ಟ್ ಅನ್ನೋದು ದೊಡ್ಡವರು ದೊಡ್ಡವರಿಗೆ ಕೊಡುವ ಲೆಕ್ಕ. ಮಕ್ಕಳು ಅದನ್ನು ಹೊತ್ತುಕೊಂಡು ಹೋಗುತ್ತಾರೆ, ಅಷ್ಟೆ.

ಎಂಟು ಮಕ್ಕಳನ್ನು ಕರೆದೆವು. ವಯಸ್ಸಿಗೆ ಒಂದು ಕೂಡಿಸಿದಷ್ಟು ಮಕ್ಕಳು ಸಾಕು ಎಂದು ಯಾರೋ ಹೇಳಿದ್ದು ನೆನಪಿತ್ತು. ನಮ್ಮ ಮನೆಯ ಅಳತೆಗೆ ಅದು ಸರಿಹೋಯಿತು. ನಾಲ್ಕರಿಂದ ಆರು, ಎರಡೇ ಗಂಟೆ. ಆಟ, ಕೇಕ್, ಮತ್ತೆ ಆಟ.

ಯಡವಟ್ಟಾಗಿದ್ದು ಕೊನೆಯ ಹತ್ತು ನಿಮಿಷದಲ್ಲಿ. ರಿಟರ್ನ್ ಗಿಫ್ಟ್ ಮಾಡುವ ಒಂದು ಕೆಲಸ ನನಗೆ ಅದು ಇಲ್ಲದಾಗ ಗೊತ್ತಾಯಿತು. ಅದು ‘ಪಾರ್ಟಿ ಮುಗಿಯಿತು’ ಎಂದು ಹೇಳುವ ಗಂಟೆ. ಆಟ ಬಿಟ್ಟು ಬರೋಕೆ ಒಪ್ಪದ ಮಗುವನ್ನು ‘ಬಾ ಬಾ, ಗಿಫ್ಟ್ ಇಸ್ಕೊಂಡು ಹೋಗೋಣ’ ಎಂದು ಎಬ್ಬಿಸಬಹುದು. ಚೀಲ ಕೈಗೆ ಬಂದರೆ ಕಾಲು ತಾನಾಗಿ ಬಾಗಿಲ ಕಡೆ ಹೋಗುತ್ತದೆ. ನಮ್ಮ ಮನೆಯಲ್ಲಿ ಆ ಗಂಟೆಯೇ ಹೊಡೆಯಲಿಲ್ಲ. ಅಪ್ಪ ಅಮ್ಮಂದಿರು ಬಾಗಿಲಲ್ಲಿ ನಿಂತಿದ್ದಾರೆ, ಮಕ್ಕಳು ಸೋಫಾ ಹಿಂದೆ ಅಡಗಿದ್ದಾರೆ. ಒಬ್ಬ ಹುಡುಗ ಶೂ ಹಾಕಿಕೊಂಡು ನನ್ನ ಮುಂದೆ ಬಂದು ನಿಂತು, ಎರಡೂ ಕೈ ಚಾಚಿ ‘ಆಂಟಿ, ನಂದು?’ ಎಂದ. ಅವನ ತಾಯಿ ‘ಶ್! ಹಾಗೆಲ್ಲ ಕೇಳಬಾರದು’ ಎಂದು ಕೈ ಎಳೆದರು. ನನಗೆ ಏನು ಹೇಳಬೇಕೋ ತೋಚದೆ ‘ಈ ಸಲ ಇಲ್ಲ ಪುಟ್ಟಾ’ ಎಂದೆ. ಅವನು ಚಾಚಿದ ಕೈಯನ್ನು ಕೂಡಲೇ ಇಳಿಸಲಿಲ್ಲ. ನಿಮಗೆ ಬರೆದ ತಾಯಿಯ ಪತ್ರ ಓದುವಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ಎರಡು ಕೈ.

ಅಷ್ಟರಲ್ಲಿ ಮಗಳು ಒಳಗೆ ಓಡಿದಳು. ತನ್ನ ಸ್ಟಿಕ್ಕರ್ ಪುಸ್ತಕ ತಂದಳು. ಅದು ಅವಳ ಪ್ರಾಣ, ನಾನು ಮುಟ್ಟಿದರೂ ಕಿರುಚುತ್ತಾಳೆ. ಒಂದು ಡೈನೋಸಾರ್ ಕಿತ್ತು ಅವನ ಅಂಗಿಗೆ ಅಂಟಿಸಿ, ಅಂಗೈಯಲ್ಲಿ ಒತ್ತಿದಳು. ಆಮೇಲೆ ಎಲ್ಲರೂ ಸಾಲು ನಿಂತರು. ಯಾರಿಗೆ ಯಾವುದು ಅನ್ನೋದು ಅವಳೇ ತೀರ್ಮಾನ ಮಾಡಿದಳು. ಬೆಕ್ಕು ಸಾಕಿದವಳಿಗೆ ಬೆಕ್ಕು, ಯಾವಾಗಲೂ ಓಡುವವನಿಗೆ ರೈಲು. ಸೋಫಾ ಹಿಂದಿನವರೂ ಬಂದರು. ಹತ್ತು ನಿಮಿಷದಲ್ಲಿ ಮನೆ ಖಾಲಿ. ಒಂದು ಸ್ಟಿಕ್ಕರ್ ಮಾತ್ರ ಮಾರನೇ ದಿನ ಮೆಟ್ಟಿಲ ಮೇಲೆ ಬಿದ್ದಿತ್ತು. ಮಗಳಿಗೆ ಕಾಣದ ಹಾಗೆ ಎತ್ತಿಟ್ಟೆ.

2012ರಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡು ವರ್ಷ ತುಂಬದ ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟಿಸಿದ್ದರು. ಮಕ್ಕಳ ಮುಖ ಹೆಚ್ಚು ಅರಳಿದ್ದು ತಿಂಡಿ ಸಿಕ್ಕಾಗ ಅಲ್ಲ, ಕೊಟ್ಟಾಗ. ಅದರಲ್ಲೂ ಬೇರೆಯವರ ತಿಂಡಿ ಎತ್ತಿಕೊಡುವಾಗಿಗಿಂತ ತಮ್ಮ ಬಟ್ಟಲಿನದೇ ಕೊಡುವಾಗ ಇನ್ನೂ ಜಾಸ್ತಿ. ಓದಿದಾಗ ಅಷ್ಟು ನಂಬಿಕೆ ಬಂದಿರಲಿಲ್ಲ. ನಾನು ತುಂಬಿಸಿದ ಚೀಲವನ್ನು ಮೂರು ವರ್ಷ ಮಗಳ ಕೈಯಿಂದಲೇ ಕೊಡಿಸಿದ್ದೆ. ನಾಲ್ಕನೇ ಚೀಲದ ಹೊತ್ತಿಗೆ ಅವಳಿಗೆ ಬೇಜಾರಾಗಿ ಓಡಿಹೋಗುತ್ತಿದ್ದಳು. ಸ್ಟಿಕ್ಕರ್ ಕಿತ್ತ ದಿನ ಕೊನೆಯ ಮಗುವಿನವರೆಗೂ ನಿಂತಿದ್ದಳು.

ಹಾಗಾಗಿ ಆ ತಾಯಿಗೆ ನನ್ನ ಉತ್ತರ ಅರ್ಧ ಒಪ್ಪಿಗೆ, ಅರ್ಧ ತಕರಾರು. ಕೊಡದಿದ್ದದ್ದು ತಪ್ಪಲ್ಲ, ಹೇಳದಿದ್ದದ್ದು ತಪ್ಪು. ಕರೆಯುವಾಗಲೇ ‘ಈ ಸಲ ರಿಟರ್ನ್ ಗಿಫ್ಟ್ ಇಟ್ಟಿಲ್ಲ, ಮಕ್ಕಳಿಗೆ ಮೊದಲೇ ಹೇಳಿರಿ’ ಎಂದು ಒಂದು ಸಾಲು ಸೇರಿಸಿದ್ದರೆ ಆ ಹುಡುಗ ಕೈ ಚಾಚುತ್ತಿರಲಿಲ್ಲ. ಮುಂದಿನ ವರ್ಷ ಬರೆಯುತ್ತೇನೆ. ಜೊತೆಗೆ ‘ನೀವೂ ಉಡುಗೊರೆ ತರಬೇಡಿ’ ಎಂದೂ ಸೇರಿಸುವ ಆಸೆ ಇತ್ತು. ಮಗಳು ಅದಕ್ಕೆ ಸುತರಾಂ ಒಪ್ಪುತ್ತಿಲ್ಲ.

ಕೊಡಲೇಬೇಕು ಅನ್ನುವವರು ಕೊಡಲಿ, ನಾನು ಜಗಳಕ್ಕೆ ಬರುವುದಿಲ್ಲ. ಒಂದೇ ವಸ್ತು ಕೊಡಿ, ಎಲ್ಲರಿಗೂ ಒಂದೇ ಬಣ್ಣದ್ದು ಕೊಡಿ. ಬಣ್ಣ ಬೇರೆಯಾದರೆ ಬಾಗಿಲಲ್ಲಿ ನಡೆಯುವ ಯುದ್ಧ ನಾನು ನೋಡಿದ್ದೇನೆ. ಬ್ಯಾಟರಿ ಇರುವುದು ಬೇಡವೇ ಬೇಡ. ಊದದ ಬಲೂನೂ ಬೇಡ. ಮಕ್ಕಳನ್ನು ಕರೆಯುವಾಗ ಮನೆಯಲ್ಲಿ ಪುಟ್ಟ ಮಕ್ಕಳು ಇದ್ದಾರಾ ಎಂದು ಒಂದು ಮಾತು ಕೇಳಿಬಿಡಿ. ಪೀಪಿ ಕೊಡುವವರಿದ್ದರೆ ದಯವಿಟ್ಟು ನಮ್ಮ ಮಗಳನ್ನು ಕರೆಯಬೇಡಿ.

ರಟ್ಟಿನ ಕೊಳವೆ ಇನ್ನೂ ಅದೇ ಡ್ರಾಯರ್‌ನಲ್ಲಿದೆ. ಮನೆಗೆ ಏನು ಬಂದರೂ ಮಗಳು ಮೊದಲು ಅದರಲ್ಲಿ ಹಾಕಿ ನೋಡುತ್ತಾಳೆ. ಮೊನ್ನೆ ಅವರಜ್ಜಿಯ ಹಲ್ಲುಸೆಟ್ಟು ಕೇಳಿಕೊಂಡು ಹೋಗಿದ್ದಳು. ಅತ್ತೆ ಕೊಡಲಿಲ್ಲ.

ಇತಿ,
ಇಬ್ಬರು ಮಕ್ಕಳ ತಾಯಿ