ಕಾರಣ, ಲೆಕ್ಕ ಮತ್ತು ಚಿಕಿತ್ಸೆ: ಯುವ ಬರಹಗಾರರೊಬ್ಬರಿಗೆ ಪತ್ರ

ಆತ್ಮೀಯರೆ,

ನೀವು ಕಳುಹಿಸಿದ ಪ್ರಬಂಧವನ್ನು ಬಿಡುವು ಮಾಡಿಕೊಂಡು ಓದಿದೆ. ಜಗತ್ತು ಗಣಿತದ ನಿಯಮಗಳಿಗೆ ಒಳಪಟ್ಟಿದೆ, ಮನಸ್ಸೂ ಆ ಜಗತ್ತಿಗೇ ಸೇರಿದ್ದು, ಆದ್ದರಿಂದ ತಕ್ಕ ಸಮೀಕರಣಗಳು ದೊರೆತ ದಿನ ಮನುಷ್ಯನ ಬುದ್ಧಿಯನ್ನೂ ಆರೋಗ್ಯವನ್ನೂ ಉತ್ತಮಗೊಳಿಸಬಹುದು ಎಂಬ ನಿಮ್ಮ ವಾದದಲ್ಲಿ ದಿಟ್ಟತನವಿದೆ. ಊಹಿಸಲು ಅಂಜುವವರಿಂದ ಇಂಥ ಬರಹ ಹುಟ್ಟುವುದಿಲ್ಲವಾದ್ದರಿಂದ ಅದನ್ನು ನೀವು ಬಿಟ್ಟುಕೊಡಬಾರದು. ಆದರೆ ಒಂದು ಘಟನೆಗೆ ಕಾರಣವಿದೆ ಎಂಬುದು, ಅದನ್ನು ಮೊದಲೇ ಲೆಕ್ಕಹಾಕಿ ಹೇಳಬಹುದು ಎಂಬುದು, ಅದನ್ನು ನಮಗೆ ಬೇಕಾದ ಕಡೆಗೆ ತಿರುಗಿಸಬಹುದು ಎಂಬುದು, ಈ ಮೂರನ್ನೂ ನೀವು ಒಂದೇ ಮಾತೆಂಬಂತೆ ಬರೆದುಕೊಂಡು ಹೋಗಿದ್ದೀರಿ. ಇವುಗಳನ್ನು ಬಿಡಿಸಿ ನೋಡದಿದ್ದರೆ ಪ್ರಬಂಧ ನಿಲ್ಲಲಾರದು.

ನಿಮ್ಮ ಮೊದಲ ಪುಟ ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ನನ್ನು ನೆನೆಯುತ್ತದೆ. ಪ್ರತಿಯೊಂದು ಕಣದ ಸ್ಥಿತಿಯನ್ನೂ ಅದರ ಮೇಲಿನ ಬಲಗಳನ್ನೂ ಬಲ್ಲ ಬುದ್ಧಿಯೊಂದಕ್ಕೆ ಭವಿಷ್ಯವು ಭೂತದಷ್ಟೇ ಸ್ಪಷ್ಟವಾಗಿರುತ್ತದೆ ಎಂದು ಅವನು 1814ರಲ್ಲಿ ಬರೆದದ್ದು ನಿಜ. ಆದರೆ ಆ ಮಾತು ಬಂದಿರುವುದು ಸಂಭವನೀಯತೆಯನ್ನು ಕುರಿತ ಪ್ರಬಂಧದಲ್ಲಿ. ಮನುಷ್ಯನು ಅಂಥ ಬುದ್ಧಿಯಿಂದ ಸದಾ ಬಹುದೂರದಲ್ಲಿಯೇ ಉಳಿಯುತ್ತಾನೆಂದು ಅವನೇ ಒಪ್ಪಿದ್ದಾನೆ. ಆ ದೂರ ಎಷ್ಟೆಂಬುದನ್ನು 1961ರಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಡರು. ಹವಾಮಾನದ ಗಣಿತ ಮಾದರಿಯೊಂದನ್ನು ನಡುವಿನಿಂದ ಮತ್ತೆ ಓಡಿಸುವಾಗ ಅವರು 0.506127ರ ಬದಲು ಮುದ್ರಿತ ಹಾಳೆಯಲ್ಲಿದ್ದ 0.506 ಅನ್ನು ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಎರಡು ಲೆಕ್ಕಗಳ ಹವಾಮಾನಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾದವು. ಆ ಸಮೀಕರಣಗಳಲ್ಲಿ ಆಕಸ್ಮಿಕಕ್ಕೆ ಎಡೆಯೇ ಇರಲಿಲ್ಲ. ಎಲ್ಲವೂ ನಿಯತವಾಗಿದ್ದೂ ಮುನ್ಸೂಚನೆ ಕೈಗೆ ಸಿಗದೆ ಹೋಗಬಹುದು ಎಂಬುದು ಹೀಗೆ ಅಂಕಿಗಳಲ್ಲೇ ಗೋಚರಿಸಿತು, ಮತ್ತು ಮನಸ್ಸಿನ ಬಗ್ಗೆ ಬರೆಯುವ ಯಾರೂ ಇದನ್ನು ದಾಟಿ ಮುಂದೆ ಹೋಗುವಂತಿಲ್ಲ.

ಮನಸ್ಸಿನ ವಿಷಯಕ್ಕೆ ಬಂದರೆ, ನೀವು ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗಾನ್ಸ್ ಎಂಬ ಹುಳುವನ್ನು ಕುರಿತು ಓದಬೇಕೆಂದು ನನ್ನ ಆಸೆ. ಅದರಲ್ಲಿರುವುದು 302 ನರಕೋಶಗಳು; ಅವುಗಳ ಜೋಡಣೆಯ ನಕ್ಷೆ 1986ರಲ್ಲಿಯೇ ಪ್ರಕಟವಾಯಿತು. ಆದರೂ ಆ ನಕ್ಷೆಯೊಂದರಿಂದಲೇ ಹುಳುವಿನ ನಡವಳಿಕೆಯನ್ನೆಲ್ಲ ಲೆಕ್ಕಹಾಕಿ ಹೇಳಲು ಈವರೆಗೆ ಆಗಿಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನಿಮ್ಮ ‘ಸಂಪೂರ್ಣ ಸಮೀಕರಣ’ದ ಕನಸನ್ನು ಈ ಎರಡು ಸಂಖ್ಯೆಗಳ ನಡುವೆ ಇಟ್ಟು ಬರೆಯಿರಿ; ಆಗ ಕನಸಿನ ಎತ್ತರವೂ ಓದುಗನಿಗೆ ಸರಿಯಾಗಿ ಕಾಣುತ್ತದೆ. ತರ್ಕಶಾಸ್ತ್ರಜ್ಞ ಗೋಡೆಲ್‌ನ 1931ರ ಪ್ರಮೇಯವನ್ನೂ ಅತಿಸೂಕ್ಷ್ಮ ಕಣಗಳ ಮಟ್ಟದ ಕ್ವಾಂಟಮ್ ಅನಿಶ್ಚಿತತೆಯನ್ನೂ ಇಚ್ಛಾಸ್ವಾತಂತ್ರ್ಯದ ರಕ್ಷಣೆಗೆ ಕರೆತಂದಿರುವ ಭಾಗವನ್ನು ಮಾತ್ರ ತೆಗೆದುಹಾಕಿ. ಮೊದಲನೆಯದು ಅಂಕಗಣಿತವನ್ನು ಒಳಗೊಂಡ ಔಪಚಾರಿಕ ವ್ಯವಸ್ಥೆಗಳಲ್ಲಿ, ಅಂದರೆ ನಿಗದಿತ ನಿಯಮಗಳಿಂದ ಕಟ್ಟಿದ ಗಣಿತ ವ್ಯವಸ್ಥೆಗಳಲ್ಲಿ, ಸಾಧಿಸಲಾಗದ ಸತ್ಯಗಳಿವೆ ಎಂಬ ಮಾತು; ಎರಡನೆಯದು ಆಕಸ್ಮಿಕವನ್ನು ಕೊಟ್ಟೀತೇ ಹೊರತು ಸ್ವಾತಂತ್ರ್ಯವನ್ನಲ್ಲ.

ನಿಮ್ಮ ಪ್ರಬಂಧಕ್ಕೆ ನಿಜವಾದ ಬಲ ಬರುವುದು ಬೇರೊಂದು ಕಡೆಯಿಂದ. ಮನಸ್ಸನ್ನು ಉತ್ತಮಗೊಳಿಸಲು ಮನಸ್ಸಿನ ಪೂರ್ಣ ಲೆಕ್ಕ ಬೇಕಾಗಿಯೇ ಇಲ್ಲ, ಸರಿಯಾದ ಒಂದು ಕಾರಣ ತಿಳಿದರೆ ಸಾಕಾಗುವ ಸಂದರ್ಭಗಳಿವೆ. ಫೀನೈಲ್‌ಕೀಟೋನ್ಯೂರಿಯಾ ಎಂಬ ಆನುವಂಶಿಕ ರೋಗವನ್ನು ನೋಡಿ. ತಾಯಿ ತಂದೆ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬಂದ ಮಗುವಿನ ದೇಹವು ಫೀನೈಲಲನೀನ್ ಎಂಬ ಅಮೈನೋ ಆಮ್ಲವನ್ನು ಒಡೆಯಲಾರದು. ಅದು ರಕ್ತದಲ್ಲಿ ಶೇಖರವಾಗಿ ಮಿದುಳನ್ನು ಕೆಡಿಸುತ್ತದೆ. ನಾರ್ವೆಯ ವೈದ್ಯ ಫೋಲಿಂಗ್ 1934ರಲ್ಲಿ ಇದನ್ನು ಗುರುತಿಸಿದರು; 1950ರ ದಶಕದಲ್ಲಿ ಪಥ್ಯದ ಚಿಕಿತ್ಸೆಯೂ 1960ರ ದಶಕದಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆಯೂ ಬಂದವು. ಹುಟ್ಟಿದ ಕೆಲವೇ ದಿನಗಳಲ್ಲಿ ಆ ಆಮ್ಲ ಕಡಿಮೆಯಿರುವ ಆಹಾರ ಆರಂಭಿಸಿ ಮುಂದುವರಿಸಿದರೆ, ತೀವ್ರ ಬುದ್ಧಿಮಾಂದ್ಯಕ್ಕೆ ಗುರಿಯಾಗುತ್ತಿದ್ದ ಮಗು ಇತರರಂತೆಯೇ ಓದಿ ಬೆಳೆಯುತ್ತದೆ. ವಂಶವಾಹಿ ಬದಲಾಗಿಲ್ಲ, ನಿಯಮ ಮುರಿದಿಲ್ಲ. ನಿಯಮ ಅಷ್ಟು ಖಚಿತವಾಗಿರುವುದರಿಂದಲೇ ಪಥ್ಯ ಫಲಿಸುತ್ತದೆ. ಎಲ್ಲವೂ ಕಾರಣಗಳಿಂದ ಮೊದಲೇ ನಿಗದಿಯಾಗಿದೆ ಎನ್ನುವ ನಿಯತಿವಾದವೆಂದರೆ ನಿರಾಶೆ ಎಂದುಕೊಂಡ ಓದುಗನಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ. 1920ರ ದಶಕದಲ್ಲಿ ಸ್ವಿಟ್ಜರ್‌ಲೆಂಡ್ ಮತ್ತು ಅಮೆರಿಕಗಳಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಲು ಆರಂಭಿಸಿದ್ದನ್ನೂ ಇದರ ಪಕ್ಕದಲ್ಲಿ ಇಡಬಹುದು; ಅಯೋಡಿನ್ ಕೊರತೆಯೂ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ.

ಇನ್ನು ‘ಉತ್ತಮ ಮನಸ್ಸು’ ಎಂದರೇನು ಎಂಬುದನ್ನು ನೀವು ಎಲ್ಲಿಯೂ ಹೇಳಿಲ್ಲ. ಈ ಮೌನ ನನ್ನನ್ನು ಕಳವಳಗೊಳಿಸುತ್ತದೆ. ಎರಡು ಅಳತೆಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ತಿಳಿಸುವ ಸಹಸಂಬಂಧದ ಗಣಿತವನ್ನು ನಮಗೆ ಕೊಟ್ಟ ಫ್ರಾನ್ಸಿಸ್ ಗಾಲ್ಟನ್‌ನೇ 1883ರಲ್ಲಿ ಸುಜನನಶಾಸ್ತ್ರಕ್ಕೆ, ಅಂದರೆ ‘ಮೇಲಾದವರ’ ಸಂತಾನವನ್ನು ಹೆಚ್ಚಿಸಿ ಮನುಷ್ಯ ಕುಲವನ್ನು ಸುಧಾರಿಸಬೇಕೆಂಬ ವಿಚಾರಕ್ಕೆ, ಹೆಸರಿಟ್ಟವನು. ಅವನ ಗಣಿತ ಇಂದಿಗೂ ಬಳಕೆಯಲ್ಲಿದೆ. ಆದರೆ ಯಾರು ಮೇಲು, ಯಾರು ಕೀಳು ಎಂಬ ತೀರ್ಮಾನ ಆ ಗಣಿತದಿಂದ ಬಂದದ್ದಲ್ಲ, ಅವನ ಕಾಲದ ಮತ್ತು ವರ್ಗದ ಪೂರ್ವಗ್ರಹದಿಂದ ಬಂದದ್ದು. ಆ ವಿಚಾರ ಕಾನೂನಾಗಿ ಬೆಳೆದು, ‘ಬುದ್ಧಿಹೀನ’ರೆಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1927ರಲ್ಲಿ ಎತ್ತಿಹಿಡಿಯಿತು. ಪಥ್ಯದಿಂದ ಉಳಿದ ಮಗುವಿನ ವಿಷಯದಲ್ಲಿ ಒಳಿತು ಯಾರದೆಂಬುದು ಸ್ಪಷ್ಟ: ಆ ಮಗುವಿನದೇ. ನಿಮ್ಮ ಪ್ರಬಂಧದ ಭವಿಷ್ಯದಲ್ಲಿ ಒಳಿತು ಯಾರದು, ಅದನ್ನು ನಿರ್ಧರಿಸುವವರು ಯಾರು, ಬೇಡವೆನ್ನುವ ಹಕ್ಕು ಯಾರಿಗಿದೆ ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಬರೆಯಬೇಕು.

ಆದ್ದರಿಂದ ಮೂರನೆಯ ಭಾಗವನ್ನು ಹೊಸದಾಗಿ ಬರೆಯಿರಿ. ‘ಮುಂದೊಂದು ದಿನ ಎಲ್ಲ ಕಾಯಿಲೆಗಳೂ’ ಎನ್ನುವುದನ್ನು ಬಿಟ್ಟು ಒಂದೇ ಕಾಯಿಲೆಯನ್ನು ಆರಿಸಿಕೊಳ್ಳಿ. ಸಿದ್ಧಪಟ್ಟದ್ದು ಎಲ್ಲಿ ಮುಗಿಯಿತು, ನಿಮ್ಮ ಊಹೆ ಎಲ್ಲಿ ಆರಂಭವಾಯಿತು ಎಂಬುದು ವಾಕ್ಯದ ಕ್ರಿಯಾಪದದಲ್ಲೇ ತಿಳಿಯುವಂತಿರಲಿ. ಯಾವ ಪುರಾವೆ ಸಿಕ್ಕರೆ ಆ ಊಹೆಯನ್ನು ಕೈಬಿಡುತ್ತೀರಿ ಎಂಬುದನ್ನೂ ಅಲ್ಲಿಯೇ ಹೇಳಿ. ಬರೆದು ಮುಗಿದ ಮೇಲೆ ಮೊದಲು ಒಬ್ಬ ವೈದ್ಯರಿಗೂ ಒಬ್ಬ ಗಣಿತ ಅಧ್ಯಾಪಕರಿಗೂ ತೋರಿಸಿ, ಅವರ ಆಕ್ಷೇಪಗಳ ಸಮೇತ ನನಗೆ ಕಳುಹಿಸಿ.

ಇಂತಿ,
ನಿಮ್ಮ ಹಿತೈಷಿ