ನಿನ್ನ ಮನೆಯೊಡತಿಯ ಹೆಸರು

ಪ್ರಿಯ ಗೆಳೆಯ,

ಪ್ಯಾರಿಸ್‌ನಿಂದ ನೀನು ಬರೆದ ಪತ್ರದಲ್ಲಿ ಬಾಡಿಗೆ, ಚಳಿ, ಬ್ರೆಡ್ಡು ಎಲ್ಲವೂ ಸರಿಯಾಗಿತ್ತು. ಮನೆಯೊಡತಿಯ ಹೆಸರು ಮಾತ್ರ ಮೂರು ಕಡೆ ಮೂರು ಬಗೆ: ಜೆನೆವೀವ್, ಜಿನೀವಾ, ಜಿನೋವಾ. ಕೊನೆಯ ಎರಡು ಊರುಗಳು ಮಾರಾಯ! ಆಕೆ ಜ್ಯನ್‌ವಿಯೆವ್. ಆ ಮೊದಲ ಅಕ್ಷರ ಜನಿವಾರದ ‘ಜ’ ಅಲ್ಲ. ‘ಶ’ ಎನ್ನುವಾಗ ನಾಲಿಗೆ ಎಲ್ಲಿರುತ್ತದೋ ಅಲ್ಲೇ ಇಟ್ಟು ಗಂಟಲಿನಿಂದ ಗುಂಯ್ ಎನ್ನಿಸು, ಬಂದೀತು. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಮನೆಯಿಲ್ಲ.

ಆಕೆಯ ವಯಸ್ಸನ್ನು ನೀನು ಬರೆದಿಲ್ಲ. ಎಪ್ಪತ್ತೈದು ದಾಟಿರಬೇಕು, ಹೌದೇ? ಇಲ್ಲಿ ಸರೋಜಮ್ಮ ಎಂದರೆ ಮುಖ ನೋಡದೆಯೇ ವಯಸ್ಸು ಹೇಳುತ್ತೇವಲ್ಲ, ಹಾಗೆ. ಕಳೆದ ಶತಮಾನದ ಮೊದಲರ್ಧದಲ್ಲಿ ಫ್ರಾನ್ಸ್‌ನ ಹೆಣ್ಣುಮಕ್ಕಳಿಗೆ ಧಾರಾಳವಾಗಿ ಇಡುತ್ತಿದ್ದ ಹೆಸರಿದು. ಕ್ಯಾಲೆಂಡರಿನ ಸಂತರ ಹೆಸರುಗಳನ್ನೋ ಪ್ರಾಚೀನ ಇತಿಹಾಸದ ಹೆಸರುಗಳನ್ನೋ ಬಿಟ್ಟು ಬೇರೆಯದನ್ನು ಇಡಬಾರದೆಂದು 1803ರಲ್ಲಿ ಅಲ್ಲಿ ಕಾನೂನೇ ಆಗಿತ್ತು. ಹೆತ್ತವರಿಗೆ ಹೆಸರು ಆರಿಸುವ ಸ್ವಾತಂತ್ರ್ಯ ಸಿಕ್ಕಿದ್ದು 1993ರಲ್ಲಿ. ಆದರೆ ಅದಕ್ಕೆ ಎಷ್ಟೋ ಮೊದಲೇ ಈ ಹೆಸರು ಅಜ್ಜಿಯರ ಪಾಲಾಗಿತ್ತು. ಕೆನಡಾದ ಫ್ರೆಂಚ್ ಪ್ರಾಂತ ಕ್ವಿಬೆಕ್‌ನಲ್ಲಿ ಮಾತ್ರ ನನ್ನ ಲೆಕ್ಕ ತಪ್ಪುತ್ತದೆ. ಅಲ್ಲಿ 1970, 80ರ ದಶಕಗಳಲ್ಲೂ ಇದು ಜನಪ್ರಿಯವೇ.

ಅರ್ಥದ ಬಗ್ಗೆ ಪಂಡಿತರ ಜಗಳ ಮುಗಿದಿಲ್ಲ. ಲ್ಯಾಟಿನ್ ರೂಪ ಗೆನೊವೇಫಾ. ಜರ್ಮ್ಯಾನಿಕ್ ಮೂಲದ್ದು, ‘ಕುಲ’ ಮತ್ತು ‘ಹೆಣ್ಣು’ ಸೇರಿ ಆದದ್ದು ಎಂದು ಒಂದು ಪಕ್ಷ. ಅಲ್ಲ, ಕೆಲ್ಟಿಕ್ ಎಂದು ಇನ್ನೊಂದು. ನನ್ನ ಓಟು ಮೊದಲನೆಯದಕ್ಕೆ. ಕಾರಣ ಸ್ವಾರ್ಥ: ಆ ‘ಕುಲ’ದ ಶಬ್ದವೂ ಸಂಸ್ಕೃತದ ‘ಜನ’ವೂ ಒಂದೇ ಬೇರಿನವು.

ಹೆಸರಿಗೆ ತೂಕ ಬಂದದ್ದು ಪ್ಯಾರಿಸ್ ಪಕ್ಕದ ನಾಂತೇರ್‌ನಲ್ಲಿ ಹುಟ್ಟಿ, ಮುಂದೆ ಸಂತಳಾದ ಇದೇ ಹೆಸರಿನ ಹುಡುಗಿಯೊಬ್ಬಳಿಂದ. 451ರಲ್ಲಿ ಹೂಣರ ದೊರೆ ಅಟ್ಟಿಲನ ದಂಡು ಬರುತ್ತಿದೆ ಎಂದು ಪ್ಯಾರಿಸ್‌ನವರು ಗಂಟುಮೂಟೆ ಕಟ್ಟಿದಾಗ, ಓಡಬೇಡಿ, ಪ್ರಾರ್ಥಿಸಿ ಎಂದವಳು ಅವಳಂತೆ. ದಂಡು ಓರ್ಲಿಯಾನ್ ಕಡೆಗೆ ಹೋಯಿತು. ಅವಳು ನಗರದ ರಕ್ಷಕಿಯಾದಳು. ಹದಿನೈದನೇ ಲೂಯಿ ಕಾಯಿಲೆಯಿಂದೆದ್ದು ಹರಕೆ ತೀರಿಸಲು ಅವಳಿಗೆ ಕಟ್ಟಿಸಿದ ಭಾರೀ ಚರ್ಚನ್ನು ಕ್ರಾಂತಿಯವರು ಮಹನೀಯರ ಸಮಾಧಿ ಮಂದಿರವಾಗಿಸಿದರು. ಅದೇ ನೀನು ಹೊರಗಿನಿಂದ ನೋಡಿ, ಟಿಕೆಟ್ ದುಬಾರಿ ಎಂದು ವಾಪಸಾದ ಪಾಂಥೆಯೋನ್. 1793ರಲ್ಲಿ ಅವಳ ಅಸ್ಥಿಯನ್ನೂ ಸುಟ್ಟುಹಾಕಿದರು. ಆಮೇಲಿನ ತಮಾಷೆ ನೋಡು: 2015ರಲ್ಲಿ ಅದೇ ಕಟ್ಟಡದೊಳಗೆ ಗೌರವ ಪಡೆದವರಲ್ಲಿ ಒಬ್ಬಾಕೆ ಜ್ಯನ್‌ವಿಯೆವ್ ದ ಗೋಲ್ ಆಂತೋನಿಯೋಜ್. ನಾಜಿಗಳ ರಾವೆನ್ಸ್‌ಬ್ರುಕ್ ಶಿಬಿರದಿಂದ ಬದುಕಿ ಬಂದವರು, ಫ್ರಾನ್ಸ್‌ನ ಅಧ್ಯಕ್ಷರಾಗಿದ್ದ ಜನರಲ್ ದ ಗೋಲ್‌ರ ಅಣ್ಣನ ಮಗಳು.

ಪ್ಯಾರಿಸ್‌ನ ತೂರ್ನೆಲ್ ಸೇತುವೆಯ ಮೇಲೆ ಆ ಸಂತಳ ಎತ್ತರದ ಕಲ್ಲಿನ ವಿಗ್ರಹವಿದೆ, 1928ರದ್ದು. ಮುಂದೆ ದೋಣಿ ಹಿಡಿದ ಮಗು. ಬ್ರೆಜಿಲ್‌ನ ರಿಯೊದ ಕ್ರಿಸ್ತನ ವಿಗ್ರಹವನ್ನು ರೂಪಿಸಿದ ಶಿಲ್ಪಿ ಲಾಂದೊವ್ಸ್ಕಿಯ ಕೈಯದೇ. ಇದಕ್ಕೆ ಟಿಕೆಟ್ ಇಲ್ಲ, ಹೋಗಿ ನೋಡು.

ಜನವರಿ 3 ಅವಳ ಹಬ್ಬ. ಅಂದು ನಿನ್ನ ಮನೆಯೊಡತಿಗೆ ಒಂದು ಹೂಗುಚ್ಛ ಕೊಟ್ಟು ‘ಬೊನ್ ಫೆತ್’ (ಹಬ್ಬದ ಶುಭಾಶಯ) ಎನ್ನು. ಹೆಸರನ್ನು ಸರಿಯಾಗಿ ಹೇಳಿದರೆ, ಆ ಕೆಟ್ಟ ಹೀಟರಿನ ವಿಷಯವನ್ನೂ ಅದೇ ಉಸಿರಿನಲ್ಲಿ ಎತ್ತಬಹುದು.

ನಿನ್ನ,
ಹಳೆಯ ಬೆಂಚುಮಿತ್ರ