ಹೆಣ ಎತ್ತುವ ಮೊದಲು

ಮಂಡ್ಯ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನೀನು ಕಳಿಸಿದ ಸ್ಕ್ರಿಪ್ಟನ್ನು ಪ್ರಿಂಟ್ ಹಾಕಿಸಿ ಓದಿದೆ. ನಿನ್ನ ಅತ್ತೆಯೂ ಓದಿದಳು. ಅರ್ಧಕ್ಕೆ ಬರುವ ಮೊದಲೇ ಕೊಲೆಗಾರ ಯಾರು ಅಂತ ಹೇಳಿಬಿಟ್ಟಳು. ಬೇಜಾರು ಮಾಡಿಕೊಳ್ಳಬೇಡ, ಸೀರಿಯಲ್ ನೋಡಿ ಪಳಗಿದ ಕಣ್ಣು ಅದು. ಸಿನಿಮಾ ಮಾಡಬೇಡ ಅಂತ ಹೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಆ ಕೆಲಸಕ್ಕೆ ನಿಮ್ಮಮ್ಮ ಇದ್ದಾಳೆ. ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ, ಆಮೇಲೆ ಶಿರಸ್ತೇದಾರನಾಗಿ ನಾನು ಕೊಲೆ ಕೇಸುಗಳ ಕಡತ ಹೊತ್ತವನು. ಆ ಕಡೆಯಿಂದ ನೋಡಿದಾಗ ಕಂಡದ್ದನ್ನು ಹೇಳುತ್ತೇನೆ. ಬೇಕಾದ್ದು ಇಟ್ಟುಕೋ.

ಮೊದಲು ಕಿರೀಟದ ಆಸೆ ಬಿಡು. ಮೇಲುಕೋಟೆಯಲ್ಲಿ ವೈರಮುಡಿ ರಾತ್ರಿ ಕೊಲೆ ಅಂದೆ, ಚೆನ್ನಾಗಿದೆ. ಆದರೆ ಕಿರೀಟ ಕದಿಯುವುದಕ್ಕೆ ಅರ್ಚಕ ಕೊಲೆ ಮಾಡಿದ ಅಂದರೆ ಪಾಂಡವಪುರದ ಬಸ್‌ ಸ್ಟ್ಯಾಂಡಿನಲ್ಲಿ ಕೂತವನೂ ನಗುತ್ತಾನೆ. ವೈರಮುಡಿ ಇರುವುದು ಇಲ್ಲಿ ನಮ್ಮ ಮಂಡ್ಯದ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಎದುರು ಪೆಟ್ಟಿಗೆ ಹೊರಗೆ ಬರುತ್ತದೆ. ಪೊಲೀಸ್ ಕಾವಲಿನಲ್ಲಿ, ದಾರಿಯ ಊರುಗಳಲ್ಲಿ ಪೂಜೆ ಮಾಡಿಸಿಕೊಳ್ಳುತ್ತಾ ಮೇಲುಕೋಟೆಗೆ ಹೋಗುತ್ತದೆ. ಅದರ ಮೇಲೆ ಹಗಲು ಬೆಳಕು ಬೀಳಬಾರದು ಅನ್ನುವುದು ನಂಬಿಕೆ, ಅದಕ್ಕೇ ರಾತ್ರಿ ಉತ್ಸವ. ಉತ್ಸವಮೂರ್ತಿಗೆ ಮುಡಿಸುವ ಅರ್ಚಕರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಮುಡಿಸುತ್ತಾರೆ. ಅಷ್ಟು ಕಾವಲಿನ ವಸ್ತುವಿಗೆ ಯಾರು ಕೈ ಹಾಕುತ್ತಾರೆ, ಹೇಳು.

ಆದರೆ ಆ ರಾತ್ರಿಯನ್ನು ಮಾತ್ರ ಬಿಡಬೇಡ. ಅಷ್ಟು ಜನ ಒಂದೇ ಕಡೆ ತಲೆಯೆತ್ತಿ ನೋಡುವ ಹೊತ್ತು ಅದು. ಪಕ್ಕದ ಬೀದಿಯಲ್ಲಿ ಏನಾಯಿತು ಅಂತ ಯಾರೂ ನೋಡಿರುವುದಿಲ್ಲ. ಪೊಲೀಸರು ಯಾರನ್ನು ಕೇಳಿದರೂ ಉತ್ತರ ಒಂದೇ: 'ನಾನು ದೇವರ ಮುಂದೆ ಇದ್ದೆ ಸಾರ್.' ಇಡೀ ಊರಿಗೆ ಒಂದೇ ನೆಪ. ಇನ್‌ಸ್ಪೆಕ್ಟರ್ ಏನು ಮಾಡಬೇಕು? ಇದು ನಿನ್ನ ಸ್ಕ್ರಿಪ್ಟಿನಲ್ಲಿ ಒಂದು ಸಾಲಾಗಿ ಬಂದು ಹೋಗಿದೆ. ಇನ್ನೂ ಬೆಳೆಸು.

ಈಗ ಮುಖ್ಯ ವಿಷಯ. ಕಲ್ಯಾಣಿಯ ಹತ್ತಿರ ಹೆಣ ಸಿಗುತ್ತದೆ, ಮುಂದಿನ ಸೀನಿನಲ್ಲಿ ಚಿತೆ ಉರಿಯುತ್ತಿದೆ. ಮಧ್ಯದ ಇಡೀ ರಾತ್ರಿಯನ್ನು ನೀನು ಹಾರಿಸಿಬಿಟ್ಟಿದ್ದೀಯ. ನಿನ್ನ ಸಿನಿಮಾ ಇರುವುದೇ ಅಲ್ಲಿ ಕಣೇ.

ಯೋಚನೆ ಮಾಡು. ಬೀದಿಯಲ್ಲಿ ಹೆಣ ಇರುವಾಗ ದೇವಸ್ಥಾನದಲ್ಲಿ ಪೂಜೆ, ನೈವೇದ್ಯ ನಡೆಸದೆ ಕಾಯುವ ವಾಡಿಕೆ ನಮ್ಮ ಕಡೆ ಎಷ್ಟೋ ಊರುಗಳಲ್ಲಿ ಇದೆ. ಆ ಬೀದಿಯ ಮನೆಗಳಲ್ಲಿ ಒಲೆಯೂ ಹಚ್ಚುವುದಿಲ್ಲ. ಪೊಲೀಸರ ಕಾನೂನು ಅದಕ್ಕೆ ಪೂರ್ತಿ ಉಲ್ಟಾ. ಪಂಚರು, ಅಂದರೆ ಸ್ಥಳದಲ್ಲಿ ನಿಂತು ನೋಡುವ ಸಾಕ್ಷಿಗಳು ಬರಬೇಕು, ಅವರ ಎದುರು ಕಂಡದ್ದನ್ನು ಬರೆದು ಶವದ ಮಹಜರು ಆಗಬೇಕು, ಫೋಟೋ ತೆಗೆಯಬೇಕು, ಅಲ್ಲಿಯವರೆಗೆ ಹೆಣ ಮುಟ್ಟುವ ಹಾಗಿಲ್ಲ. ಆಮೇಲೆ ಪೋಸ್ಟ್‌ಮಾರ್ಟಂ. ಸೂರ್ಯ ಮುಳುಗಿದ ಮೇಲೂ ಮಾಡಬಹುದು ಅಂತ 2021ರಲ್ಲಿ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಆದರೆ ಕೊಲೆಯ ಹೆಣಕ್ಕೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಬೆಳಗಿನವರೆಗೆ ಕಾಯಲೇಬೇಕು. ಒಂದು ಕಡೆ ದೇವರು ಹಸಿದಿದ್ದಾನೆ, ಇನ್ನೊಂದು ಕಡೆ ಪಂಚರು ಇನ್ನೂ ಬಂದಿಲ್ಲ, ಬೆಟ್ಟದ ತುಂಬ ಜನ.

ಹಾಗಾಗಿ ಯಾರೋ ಒಬ್ಬರು ಹೆಣವನ್ನು ದೇವಸ್ಥಾನದ ಬೀದಿಯಿಂದ ಆಚೆಗೆ ಸರಿಸುತ್ತಾರೆ. ಕೊಲೆ ಮುಚ್ಚುವುದಕ್ಕೆ ಸರಿಸಿದ್ದಲ್ಲ, ನೈವೇದ್ಯಕ್ಕೆ ಹೊತ್ತಾಗುತ್ತದೆ ಅಂತ. ಪಾಪ, ಒಳ್ಳೆಯ ಮನುಷ್ಯ. ಆದರೆ ರಕ್ತದ ಕಲೆ ಒಂದು ಕಡೆ, ಹೆಣ ಒಂದು ಕಡೆ. ಮಹಜರು ಪೂರ್ತಿ ತಪ್ಪಿಹೋಯಿತು. ಪೊಲೀಸರು ಅವನ ಮೇಲೆ ಸಾಕ್ಷ್ಯ ನಾಶದ ಕಲಂ ಹಾಕಬಹುದು, ಹಿಂದೆ 201 ಅನ್ನುತ್ತಿದ್ದೆವಲ್ಲ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 238. ಅವನು ಸರಿಸಿದ್ದು ಊರಿಗೆಲ್ಲ ಗೊತ್ತು. ಯಾರೂ ಹೇಳುವುದಿಲ್ಲ, ಯಾಕೆಂದರೆ ಅವನು ಮಾಡಿದ್ದು ಊರಿನ ಪರವಾಗಿ. ಅವನನ್ನು ಉಳಿಸಲು ಹೋಗಿ ಊರು ನಿಜವಾದ ಕೊಲೆಗಾರನನ್ನೂ ಉಳಿಸುತ್ತದೆ. ಇದನ್ನು ಬೇಕಾದರೆ ತಗೋ, ಮಾವ ಕೊಟ್ಟದ್ದು ಅಂತ ಟೈಟಲ್ ಕಾರ್ಡಿನಲ್ಲಿ ಹಾಕುವುದೇನೂ ಬೇಡ.

ಒಂದು ಹೆಣ ಎತ್ತದೆ ಇಡೀ ಸಿನಿಮಾ ಕಟ್ಟಬಹುದು ಅನ್ನುವುದಕ್ಕೆ 'ಸಂಸ್ಕಾರ' ನೋಡು. ಅದು ಕೊಲೆ ಕಥೆ ಅಲ್ಲ ನಿಜ. ಆದರೆ ಅಗ್ರಹಾರದಲ್ಲಿ ಹೆಣ ಇಟ್ಟುಕೊಂಡು ಜನ ಹೇಗೆ ಬಿಚ್ಚಿಕೊಳ್ಳುತ್ತಾರೆ ಅಂತ ಅದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ. ಶೃಂಗೇರಿ ಕಡೆಯ ವೈಕುಂಠಪುರ ಅನ್ನುವ ಪುಟ್ಟ ಊರಿನಲ್ಲಿ, ಕಡಿಮೆ ದುಡ್ಡಿನಲ್ಲಿ ತೆಗೆದರು. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿಯಿತು. ಆಮೇಲೆ ದೆಹಲಿಯಿಂದ ಬಿಡುಗಡೆಯಾಗಿ 1970ರಲ್ಲಿ ತೆರೆಗೆ ಬಂತು. ದೇಶದ ಅತ್ಯುತ್ತಮ ಚಿತ್ರ ಅನ್ನುವ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಸಲ ತಂದದ್ದು ಅದೇ. ಫೋನಿನಲ್ಲಿ ನೋಡಬೇಡ, ದೊಡ್ಡ ಪರದೆ ಸಿಕ್ಕಿದಾಗ ನೋಡು.

ಇನ್ನು ನಿನ್ನ ಕ್ಲೈಮ್ಯಾಕ್ಸ್. ಇನ್‌ಸ್ಪೆಕ್ಟರ್ ಕಪಾಳಕ್ಕೆ ಬಾರಿಸುತ್ತಾನೆ, ಕೊಲೆಗಾರ ಅಳುತ್ತಾ ಎಲ್ಲ ಹೇಳುತ್ತಾನೆ, ಮುಗಿಯಿತು. ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೆ ಕೋರ್ಟಿನಲ್ಲಿ ಕವಡೆ ಕಾಸಿನ ಬೆಲೆ ಇಲ್ಲ. ಹಳೆಯ ಸಾಕ್ಷ್ಯ ಕಾಯಿದೆಯ 25ನೇ ಕಲಂನಲ್ಲಿ ಹಾಗೇ ಇತ್ತು, 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲೂ ಹಾಗೇ ಇದೆ. ಅವನು ಹೇಳಿದ ಮೇಲೆ ವಸ್ತು ಸಿಕ್ಕರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಮಾತ್ರ ನಿಲ್ಲುತ್ತದೆ. ನೀನು ಮಚ್ಚನ್ನು ಕಲ್ಯಾಣಿಯ ಮೆಟ್ಟಿಲ ಮೇಲೆ ಇಟ್ಟಿದ್ದೀಯ. ಎಲ್ಲರೂ ಓಡಾಡುವ ಜಾಗ, ಯಾರು ಬೇಕಾದರೂ ಇಟ್ಟಿರಬಹುದು ಅಂತ ಆರೋಪಿಯ ಲಾಯರ್ ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆಗೆ ಕೆಡವುತ್ತಾನೆ. ಅಂದಹಾಗೆ ಈಗಿನ ಕಥೆ ಆದರೆ ಕೊಲೆಯ ಕಲಂ 302 ಅಂತ ಡೈಲಾಗ್ ಹೊಡೆಸಬೇಡ. ಈಗ ಅದು 103.

ಕೊನೆಗೆ ಏನು ಇಡಬೇಕು ಅಂದರೆ, ಸಾಕ್ಷಿ ಕಟ್ಟೆಯನ್ನು ಇಡು. ನಾನು ಮತ್ತೆ ಮತ್ತೆ ಕಂಡ ದೃಶ್ಯ ಇದು. ಮಹಜರಿನ ಪಂಚ ಬರುತ್ತಾನೆ. ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾನೆ. ಪ್ರಮಾಣ ಮಾಡುತ್ತಾನೆ. ಸರ್ಕಾರಿ ವಕೀಲರು ಮಹಜರು ತೋರಿಸಿ, ಸಹಿ ಯಾರದ್ದು ಅನ್ನುತ್ತಾರೆ. 'ಸಹಿ ನಂದೇ ಸ್ವಾಮಿ. ಅದರಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ. ಠಾಣೆಗೆ ಕರೆಸಿ ಹಾಕಿಸಿಕೊಂಡರು.' ಅಷ್ಟೇ, ಸಾಕ್ಷಿ ಉಲ್ಟಾ. ದುಡ್ಡು ತಿಂದಿದ್ದಾನೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಕೆಲವರು ತಿಂದಿರುತ್ತಾರೆ. ಆದರೆ ಜಾಸ್ತಿ ಜನಕ್ಕೆ ಇರುವ ಕಾರಣ ಬೇರೆ. ಸಂಜೆ ಆರೋಪಿಯ ಅಣ್ಣ, ಸತ್ತವನ ತಮ್ಮ, ಈ ಪಂಚ ಮೂವರೂ ಅದೇ ಬಸ್ಸಿನಲ್ಲಿ ಅದೇ ಊರಿಗೆ ಹೋಗಬೇಕು. ಸಣ್ಣ ಊರಿನಲ್ಲಿ ಕೊಂದವನು ಯಾರು ಅನ್ನುವುದು ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ ಪುಟ್ಟಿ. ಅದನ್ನು ಹೇಳುವವರು ಸಿಗುವುದಿಲ್ಲ. ನಿನ್ನ ನೋಡುಗರಿಗೆ ಅರ್ಧದಲ್ಲೇ ಕೊಲೆಗಾರ ಗೊತ್ತಾಗಲಿ ಬಿಡು. ಆಗ ನಿನ್ನ ಅತ್ತೆಯೂ ಏನೂ ಮಾಡಲಾರಳು.

ಅರ್ಚಕನನ್ನು ಕೊಲೆಗಾರ ಮಾಡಬೇಡ ಅಂದದ್ದು ಹೆದರಿ ಹೇಳಿದ್ದು ಅಂದುಕೊಳ್ಳಬೇಡ. ಅದು ಸುಲಭದ ದಾರಿ, ಎಲ್ಲರೂ ಹಿಡಿಯುವುದೇ ಅದು. ಅವನನ್ನು ದೇವತೆ ಮಾಡಿದರೂ ಅಷ್ಟೇ. ಸಾಲ ಇರುವ, ಮಂಡಿನೋವಿರುವ, ಮಗ ಬೆಂಗಳೂರಿನಿಂದ ಬರಲ್ಲ ಅಂತ ಸಿಟ್ಟಿರುವ ಮನುಷ್ಯನಾಗಿ ಬರೆ. ಅವನ ಬಾಯಲ್ಲಿ ಪುಸ್ತಕದ ಕನ್ನಡ ಯಾಕೆ? ಮೇಲುಕೋಟೆಯ ಅಯ್ಯಂಗಾರರ ಮನೆಗಳಲ್ಲಿ ಕನ್ನಡ ಬೆರೆತ ತಮಿಳು ಕೇಳುತ್ತದೆ. ಹೊರಗೆ ಹೂವು ಮಾರುವವಳದ್ದು ಅಪ್ಪಟ ಮಂಡ್ಯದ ಮಾತು. ಎರಡನ್ನೂ ಹಾಗೇ ಬಿಡು, ಬೇಕಾದರೆ ಕೆಳಗೆ ಸಬ್‌ಟೈಟಲ್ ಹಾಕು. 'ತಿಥಿ'ಯಲ್ಲಿ ನಮ್ಮ ಜಿಲ್ಲೆಯ ನೊದೆಕೊಪ್ಪಲಿನ ಜನರೇ ನಟಿಸಿದ್ದು, ಅವರ ಮಾತನ್ನು ಯಾರೂ ತಿದ್ದಲಿಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಬೆಂಗಳೂರಿನಿಂದ ಕರೆತರುವ ನಟರನ್ನು ಆದಷ್ಟು ಕಡಿಮೆ ಮಾಡು.

ಸಿನಿಮಾದಲ್ಲಿ ಊರಿಗೆ ಬೇರೆ ಹೆಸರಿಡು. ದೇವಸ್ಥಾನ ಮುಜರಾಯಿಗೆ ಸೇರಿದ್ದು, ಅನುಮತಿ ಪತ್ರ ಕೈಯಲ್ಲಿ ಇಲ್ಲದೆ ಕ್ಯಾಮೆರಾ ಹೊರಗೆ ತೆಗೆಯಬೇಡ. ಆನೆ, ಹಸು ತೋರಿಸುವುದಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು, ಆನೆ ಬಿಟ್ಟುಬಿಡುವುದೇ ವಾಸಿ. ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಯುಎಯನ್ನು ಈಗ 7, 13, 16 ಅಂತ ವಯಸ್ಸಿನ ಮೇಲೆ ಮೂರು ಮಾಡಿದ್ದಾರೆ. ಹೆಣವನ್ನು ಎಷ್ಟು ಹತ್ತಿರದಿಂದ ತೋರಿಸಬೇಕು ಅಂತ ಶೂಟಿಂಗಿಗೆ ಮೊದಲೇ ತೀರ್ಮಾನ ಮಾಡಿಕೋ.

ದುಡ್ಡಿನ ಮಾತು. ಅಮ್ಮನ ಒಡವೆ ಅಡ ಇಡಬೇಡ. ಬಡ್ಡಿಗೆ ತರಬೇಡ. ಓಟಿಟಿಯವರು ತಗೊಳ್ಳುತ್ತಾರೆ ಅನ್ನುವ ಲೆಕ್ಕವನ್ನು ಬಜೆಟ್ಟಿನ ಹಾಳೆಯಿಂದ ಹೊಡೆದುಹಾಕು. ಅದಿಲ್ಲದೆ ಎಷ್ಟು ಉಳಿಯುತ್ತದೋ ಅಷ್ಟರಲ್ಲಿ ಆಗುವ ಸಿನಿಮಾ ಬರೆ. ನಾನು ಹೇಳಿದ ಕಥೆಗೆ ಒಂದು ಬೀದಿ, ಒಂದು ರಾತ್ರಿ, ಒಂದು ಕೋರ್ಟ್ ಹಾಲ್ ಸಾಕು.

ಹೊಸದಾಗಿ ಬರೆದ ಮೇಲೆ ಮಹಜರಿನ ಸೀನನ್ನು ನನಗೆ ಮೊದಲು ಕಳಿಸು. ಪಂಚರ ಸಹಿ ಎಲ್ಲಿ ಬರುತ್ತದೆ, ಯಾರ ಮುಂದೆ ಯಾರು ಕೂರುತ್ತಾರೆ ಎಲ್ಲ ಗುರುತು ಹಾಕಿ ಕೊಡುತ್ತೇನೆ. ಶೂಟಿಂಗ್ ಸಮಯದಲ್ಲಿ ನಿನ್ನ ಹುಡುಗರು ನಮ್ಮ ಮನೆಯಲ್ಲೇ ಇರಲಿ, ಮಹಡಿ ಖಾಲಿ ಇದೆ. ದಿನಾ ಮೇಲುಕೋಟೆ ಪುಳಿಯೋಗರೆ ಮಾತ್ರ ಕೇಳಬೇಡಿ, ನಿನ್ನ ಅತ್ತೆ ಮುದ್ದೆ ಸಾರೇ ಹಾಕುವುದು.

ಇಂತಿ,
ನಿನ್ನ ಸೋದರಮಾವ